ಟಗರಿನ ಕಿವಿಯ ಹನ್ನೆರಡು ಅಂಕಿ

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ತಮ್ಮಂದಿರಿಗೂ ತಂಗಿಯರಿಗೂ ನನ್ನ ಮೊದಲ ಮಾತು ಒಂದೇ. ಯಾರನ್ನೂ ನಂಬಬೇಡಿ. ಕುರಿಯನ್ನು ನಂಬಬೇಡಿ, ಕುರಿಯ ಯಜಮಾನನನ್ನು ನಂಬಬೇಡಿ, ಕುರಿಯ ಕಿವಿಯನ್ನೂ ನಂಬಬೇಡಿ. ಇದನ್ನು ಬರೆಯುತ್ತಿರುವವನನ್ನಂತೂ ನಂಬಲೇಬೇಡಿ. ಮೂವತ್ತನಾಲ್ಕನೇ ವಯಸ್ಸಿಗೆ ತನ್ನನ್ನು ತಾನು ನಿವೃತ್ತ ಎಂದು ಕರೆದುಕೊಳ್ಳುವವನ ಮೇಲೆ ಒಂದಿಷ್ಟು ಅನುಮಾನ ಇಟ್ಟುಕೊಳ್ಳುವುದೇ ಜಾಣತನ.

ನನ್ನ ಹೆಂಡತಿ ಈ ಪದವನ್ನು ಒಪ್ಪುವುದಿಲ್ಲ. "ನಿವೃತ್ತಿ ಅಂದ್ರ ಹಾರ ಹಾಕಿ ಕಳಸ್ತಾರ. ನಿನಗ ಫೋನಿನಾಗ ಮೆಸೇಜ್ ಹಾಕಿ, ನಾಳಿಂದ ಬರಬ್ಯಾಡ ಅಂದಾರ," ಎನ್ನುತ್ತಾಳೆ. ಆಕೆಯ ಮಾತು ನಿಜ. ಆದರೂ ಹತ್ತು ವರ್ಷ ಕುರಿಗಳ ಕಿವಿಗೆ ನಂಬರಿನ ಬಿಲ್ಲೆ ಹಾಕಿದವನಿಗೆ ಅಷ್ಟು ಮರ್ಯಾದೆ ಇರಲಿ ಎಂದು ನಾನೇ ಇಟ್ಟುಕೊಂಡ ಬಿರುದು ಇದು.

ಆಲೂರಿಗೂ ಚಿಪ್ಪಗಿರಿಗೂ ನಡುವೆ ಎಲ್ಲೋ ಇದ್ದ ಒಂದು ಪಶು ಆಫೀಸಿನಲ್ಲಿ ನಾನು ಗುತ್ತಿಗೆಯ ಸಹಾಯಕ. ಹಳ್ಳಿ ಹಳ್ಳಿಗೆ ಹೋಗಿ ಪ್ರತಿ ಕುರಿಯ ಕಿವಿಗೂ ಇಕ್ಕಳದಿಂದ ಹಳದಿ ಪ್ಲಾಸ್ಟಿಕ್ ಬಿಲ್ಲೆ ಚುಚ್ಚುವುದು, ಬಿಲ್ಲೆಯ ಮೇಲಿನ ಹನ್ನೆರಡು ಅಂಕಿಯ ನಂಬರನ್ನು ಓದುವುದು, ಅದನ್ನು ರಿಜಿಸ್ಟರಿನಲ್ಲೂ ಯಜಮಾನನ ಕಾರ್ಡಿನಲ್ಲೂ ಬರೆಸುವುದು, ಇಷ್ಟೇ ಕೆಲಸ. ಈಗ ನಿಮಗೆ ಫೋನು ಕೊಟ್ಟಿದ್ದಾರೆ. ಬಿಲ್ಲೆಯ ಮುಂದೆ ಹಿಡಿದರೆ ಅದೇ ಓದಿಕೊಳ್ಳುತ್ತದೆ. ಓದುವವನು ಬೇಡವಾದ ಮೇಲೆ ನಾನೂ ಬೇಡವಾದೆ.

ನಮ್ಮ ಕಾಲದಲ್ಲಿ ಇಬ್ಬರು ಬೇಕಾಗಿತ್ತು. ನಾನು ಕುರಿಯ ಹಿಂದೆ ನಿಂತು, ಅದನ್ನು ಎರಡು ಮೊಣಕಾಲಿನ ನಡುವೆ ಅದುಮಿ ಹಿಡಿದು, ಬಗ್ಗಿ, ಮೇಲಿನಿಂದ ಕಿವಿಯ ನಂಬರು ಓದಬೇಕು. ತಿಮ್ಮಪ್ಪ ಸಾರು ಎದುರಿಗೆ ಕಲ್ಲಿನ ಮೇಲೆ ಕೂತು ಬರೆದುಕೊಳ್ಳಬೇಕು. ಇಲ್ಲಿ ಒಂದು ತೊಡಕಿತ್ತು. ಬಿಲ್ಲೆಯ ಅಂಕಿಗಳು ಕುರಿಯನ್ನು ಎದುರಿನಿಂದ ನೋಡುವವರಿಗೆ ನೆಟ್ಟಗೆ ಕಾಣುವಂತೆ ಅಚ್ಚಾಗಿರುತ್ತವೆ. ಹಿಂದೆ ನಿಂತು ಬಗ್ಗಿದವನಿಗೆ ತಲೆಕೆಳಗು. ಎರಡೋ ನಾಲ್ಕೋ ಏಳೋ ಕಂಡ ಕೂಡಲೇ ಅಂಕಿ ಉಲ್ಟಾ ಇದೆಯೆಂದು ಗೊತ್ತಾಗುತ್ತದೆ. ಆಗ ಕಿವಿಯನ್ನು ತಿರುವಿ ಓದುತ್ತಿದ್ದೆ. ದಿನಕ್ಕೆ ಇನ್ನೂರು ಕಿವಿ ತಿರುವಿದ ಕೈಗೆ ಅದೊಂದು ಕೆಲಸ ಅಂತಲೇ ಅನ್ನಿಸುತ್ತಿರಲಿಲ್ಲ.

ತಿಮ್ಮಪ್ಪ ಸಾರಿನ ಬಗ್ಗೆ ಹೇಳಲೇಬೇಕು. ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ, ವಾಪಸು ಬಂದು ಬೀಗ ಎಳೆದು ನೋಡುವವರನ್ನು ನೀವು ಕಂಡಿರುತ್ತೀರಿ. ನಮ್ಮ ಸಾರು ಬೀಗ ಎಳೆದು ನೋಡಿ, "ನಾ ಎಳದಿದ್ದು ನೀ ನೋಡಿದೆಲ್ಲೋ?" ಎಂದು ನನ್ನನ್ನು ಕೇಳುವವರು. ಸಹಿ ಹಾಕುವ ಮುಂಚೆ ಮೂರು ಸಲ ಕೆಮ್ಮುವರು. ಎಲ್ಲರ ದನಿ ಅನುಕರಿಸುವುದು ನನಗೆ ಹುಟ್ಟಿನಿಂದ ಬಂದ ರೋಗ. ಒಮ್ಮೆ ಕುರಿಗಾರರ ಮುಂದೆ ಸಾರಿನ ಹಾಗೆ ಕನ್ನಡಕ ಹಣೆಗೇರಿಸಿ, ಕೆಮ್ಮಿ, ಸಹಿ ಹಾಕಿ ತೋರಿಸುತ್ತಿದ್ದೆ. ಜನ ನಗುವುದು ಒಮ್ಮೆಲೇ ನಿಂತಿತು. ತಿರುಗಿದರೆ ಹಿಂದೆಯೇ ಸಾರು.

ಅವರು ಬೈಯಲಿಲ್ಲ. "ನಾ ಕೆಮ್ಮೋದು ಮೂರು ಸಲ. ನೀ ನಾಕು ಸಲ ಕೆಮ್ಮಿದಿ. ಲೆಕ್ಕ ತಪ್ಪೇತಿ," ಎಂದರು. ನಾನು ಜೀವನದಲ್ಲಿ ಪಡೆದ ಅತ್ಯಂತ ಕಠಿಣ ವಿಮರ್ಶೆ ಅದು.

ನನ್ನ ಈ ರೋಗದಿಂದ ಕೆಲಸ ಕೆಟ್ಟದ್ದೂ ಉಂಟು. ಚಿಪ್ಪಗಿರಿ ಕಡೆಯ ಒಬ್ಬ ಅಜ್ಜ ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ ಕೇಳಿದ್ದ:

"ತಮ್ಮ, ಇದು ಕಿವ್ಯಾಗ ಇದ್ರ ನಾವು ಮನ್ಯಾಗ ಮಾತಾಡಿದ್ದು ಸರ್ಕಾರಕ್ಕ ಕೇಳಸ್ತೈತೇನು?"

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಟಗರಿನ ದನಿಯಲ್ಲಿ "ಕೇಳಸ್ತೈತಜ್ಜಾ" ಎಂದುಬಿಟ್ಟೆ. ಅಜ್ಜ ಹಿಂಡನ್ನು ಎಬ್ಬಿಸಿಕೊಂಡು ಹೊಲಗಳ ನಡುವೆ ನಡೆದ. ಅರ್ಧ ದಿನ ಆತನ ಹಿಂದೆ ಓಡಿದೆ. ತಮಾಷೆಗೂ ಕೆಲಸಕ್ಕೂ ನಡುವೆ ಎಷ್ಟು ಅಂತರವಿರಬೇಕೆಂದು ಅಂದು ನನಗೆ ತಿಳಿಯಿತು. ತಿಳಿದದ್ದು ಒಂದು ವಾರ ನೆನಪಿತ್ತು.

ತಪ್ಪು ಹಿಡಿಯಲು ಸಾರಿನ ಬಳಿ ಒಂದು ಪದ್ಧತಿ ಇತ್ತು. ನಂಬರಿನ ಅಂಕಿಗಳನ್ನೆಲ್ಲ ಕೂಡಬೇಕು. ಬಂದದ್ದರ ಅಂಕಿಗಳನ್ನು ಮತ್ತೆ ಕೂಡಬೇಕು. ಒಂದೇ ಅಂಕಿ ಉಳಿಯುವ ತನಕ. ನಾನು ಕಿವಿ ನೋಡಿ ಕೂಡುತ್ತಿದ್ದೆ, ಅವರು ಪುಸ್ತಕ ನೋಡಿ ಕೂಡುತ್ತಿದ್ದರು. ಇಬ್ಬರ ಉಳಿಕೆ ಒಂದೇ ಆದರೆ ಅದನ್ನು ಅಂಚಿನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಒಂಬತ್ತರಿಂದ ಭಾಗಿಸಿದರೆ ಉಳಿಯುವ ಶೇಷವನ್ನೇ ಹೀಗೆ ಸುತ್ತು ದಾರಿಯಲ್ಲಿ ಹಿಡಿಯುವುದು. ಅವರಪ್ಪ ಕಲಿಸಿದ್ದಂತೆ, ಆದ್ದರಿಂದ ತಪ್ಪಾಗಲು ಸಾಧ್ಯವಿಲ್ಲ.

"ಸಾರು, ಅಂಕಿ ಹಿಂದುಮುಂದು ಆದ್ರ ಮೊತ್ತ ಬದಲಾಗಲ್ಲ. ಅದನ್ನ ಇದು ಹಿಡಿಯಲ್ಲ," ಎಂದು ನಾನು ಒಮ್ಮೆ ಹೇಳಿದೆ.

"ಹಿಂದುಮುಂದು ಓದಬ್ಯಾಡ," ಎಂದರು. ಚರ್ಚೆ ಮುಗಿಯಿತು.

ನನಗೆ ಮುಗಿಯಲಿಲ್ಲ. ಷೇರ್ ಆಟೋಗೆ ಕಾಯುತ್ತ ಕೂತಾಗ ಚೀಲದ ಬಿಲ್ಲೆಗಳನ್ನು ತೆಗೆದು ಅಂಕಿಗಳನ್ನು ಬೇರೆ ಬೇರೆ ರೀತಿಯಲ್ಲಿ ಕೂಡಿ ನೋಡುತ್ತಿದ್ದೆ. ಒಂದು ದಿನ ಒಂದನ್ನು ಬಿಟ್ಟು ಒಂದು ಅಂಕಿ ಕೂಡಿದೆ. ಮೊದಲನೆಯದು, ಮೂರನೆಯದು, ಐದನೆಯದು ಹೀಗೆ ಒಂದು ಗುಂಪು. ಎರಡು, ನಾಲ್ಕು, ಆರು ಹೀಗೆ ಇನ್ನೊಂದು ಗುಂಪು. ಎರಡು ಗುಂಪಿನ ಮೊತ್ತ ಒಂದೇ ಬಂತು. ಇನ್ನೊಂದು ಬಿಲ್ಲೆ ತೆಗೆದೆ: ವ್ಯತ್ಯಾಸ ಹನ್ನೊಂದು. ಮತ್ತೊಂದು: ಮತ್ತೆ ಸಮ. ಯಾವ ಬಿಲ್ಲೆ ತೆಗೆದರೂ ವ್ಯತ್ಯಾಸ ಸೊನ್ನೆ, ಇಲ್ಲವೆ ಹನ್ನೊಂದು, ಅಪರೂಪಕ್ಕೆ ಇಪ್ಪತ್ತೆರಡು. ಅಂದರೆ ಪ್ರತಿ ನಂಬರೂ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಬಿಲ್ಲೆ ಮಾಡಿದ ಪುಣ್ಯಾತ್ಮರೂ ನಮ್ಮಂಥ ಸಂಶಯದವರೇ. ಹಾಗೆ ಭಾಗವಾಗುವಂತೆಯೇ ಕೊನೆಯ ಅಂಕಿಯನ್ನು ಆರಿಸಿ ಇಟ್ಟಿದ್ದರು. ಸಾರಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ, ಚೀಲ ಯಾಕೆ ಬಿಚ್ಚಿದೆ ಎಂದು ಕೇಳುತ್ತಿದ್ದರು.

ಈಗ ಹುಲಿಗೆಮ್ಮಕ್ಕನ ಪ್ರಕರಣ. ಹತ್ತು ವರ್ಷದಲ್ಲಿ ನನ್ನ ನಿದ್ದೆ ಕೆಡಿಸಿದ ನಂಬರು ಒಂದೇ, ಅದು ಈಕೆಯ ಟಗರಿನದು.

ಹುಲಿಗೆಮ್ಮಕ್ಕ ಐವತ್ತು ದಾಟಿದ ಹೆಂಗಸು. ನಲವತ್ತು ಕುರಿಯ ಹಿಂಡನ್ನು ಒಬ್ಬಳೇ ಕಾಯುತ್ತಿದ್ದಳು. ಹಿಂಡಿಗೆ ಒಂದೇ ಟಗರು. ತಾನೇ ಬಾಟಲಿ ಹಾಲು ಕುಡಿಸಿ ಸಾಕಿದ್ದು. ನಾವು ಅದಕ್ಕೆ ಬಿಲ್ಲೆ ಹಾಕಿ ವರ್ಷವಾಗಿತ್ತು. ಕೆರೆಯ ಹತ್ತಿರ ಎರಡು ಮೂರು ಹಿಂಡು ಕಲೆತ ಒಂದು ದಿನ ಟಗರು ಕಾಣೆಯಾಯಿತು. ತಿಂಗಳ ಮೇಲೆ ಪಕ್ಕದ ಊರಿನ ರಾಮಾಂಜಿಯ ಹಟ್ಟಿಯಲ್ಲಿ ಅದನ್ನು ಕಂಡಳು. ಕೇಳಲೂ ಇಲ್ಲ, ಹೇಳಲೂ ಇಲ್ಲ. ಹಾಡುಹಗಲಲ್ಲಿ ಹಗ್ಗ ಬಿಚ್ಚಿ ಮನೆಗೆ ಹೊಡೆದುಕೊಂಡು ಬಂದಳು. ರಾಮಾಂಜಿ ಹತ್ತು ಜನರನ್ನು ಕರೆದುಕೊಂಡು ಬಂದು, ಸಂತೆಯಲ್ಲಿ ಕೊಂಡ ಟಗರನ್ನು ಈಕೆ ಕದ್ದಳು ಎಂದ. ಆತನ ಹತ್ತಿರ ಕಾರ್ಡು ಇರಲಿಲ್ಲ, ಮಾರಿದವ ಕೊಡಲಿಲ್ಲವಂತೆ. ಈಕೆಯ ಹತ್ತಿರ ಕಾರ್ಡು ಇತ್ತು.

ಊರ ಹಿರಿಯರು ತೀರ್ಮಾನವನ್ನು ನಂಬರಿಗೆ ಬಿಟ್ಟರು. ಕಾರ್ಡಿನ ನಂಬರೂ ಕಿವಿಯ ನಂಬರೂ ಒಂದಾದರೆ ಟಗರು ಹುಲಿಗೆಮ್ಮಕ್ಕನದು. ಬೇರೆಯಾದರೆ ಆಕೆ ಟಗರು ಒಪ್ಪಿಸಬೇಕು, ಕಳ್ಳಿ ಎಂಬ ಹೆಸರು ಹೊರಬೇಕು, ಆಕೆಯ ಹಿಂಡನ್ನು ಉಳಿದ ಹಿಂಡುಗಳ ಜೊತೆ ಕೆರೆಗೆ ಬಿಡುವುದಿಲ್ಲ. ಆ ಸೀಮೆಯಲ್ಲಿ ಇನ್ನೊಂದು ಕೆರೆ ಇಲ್ಲ. ನಂಬರು ಓದಲು ನಮ್ಮನ್ನು ಕರೆಸಿದರು.

ಶಾಲೆಯ ಗೋಡೆಯ ನೆರಳಲ್ಲಿ ಎಲ್ಲರೂ ಕೂತಿದ್ದರು. ಸಾರು ಮೊದಲು ಕಾರ್ಡು ಓದಿದರು: 1606 0191 8091. ಆಮೇಲೆ ಟಗರಿನ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಬಿಲ್ಲೆಯ ಮೇಲಿನ ಮಣ್ಣನ್ನು ಹೆಬ್ಬೆರಳಲ್ಲಿ ಉಜ್ಜಿ ಓದಿದರು: 1608 1610 9091.

ಜನ ಗುಜುಗುಜು ಎಂದರು. ನಾನೂ ಎದುರಿಗೆ ಕೂತು ಇನ್ನೊಮ್ಮೆ ಓದಿದೆ. ಅದೇ ಬಂತು.

"ಬರೆಯೋವಾಗ ತಪ್ಪಾಗಿರಬೌದಲ್ಲ ಸಾರು?" ಎಂದು ಹಿರಿಯರೊಬ್ಬರು ಕೇಳಿದರು.

ಸಾರು ರಿಜಿಸ್ಟರು ತೆರೆದು ಅಂಚನ್ನು ತೋರಿಸಿದರು. ಅಲ್ಲಿ ಆರು ಎಂಬ ಉಳಿಕೆ, ಕೆಳಗೆ ನಮ್ಮಿಬ್ಬರ ಸಹಿ. "ಇವ ಕಿವಿ ನೋಡಿ ಕೂಡ್ಯಾನ, ನಾ ಬರದಿದ್ದು ನೋಡಿ ಕೂಡೀನಿ. ಇಬ್ಬರಿಗೂ ನಲವತ್ತೆರಡು, ನಾಕು ಎರಡು ಆರು. ಬರೆಯೋದ್ರಾಗ ತಪ್ಪಿಲ್ಲ." ಆಮೇಲೆ ಕಿವಿಯ ನಂಬರನ್ನೂ ಕೂಡಿದರು. ಅದೂ ನಲವತ್ತೆರಡು, ಅದೂ ಆರು. "ಇದೂ ಸರಿ ಐತಿ, ಅದೂ ಸರಿ ಐತಿ. ಎರಡು ನಂಬರು ಅಂದ್ರ ಎರಡು ಕುರಿ."

ಹುಲಿಗೆಮ್ಮಕ್ಕ ಎದ್ದು ನಿಂತಳು. "ನಿಮ್ಮ ನಂಬರು ನನ್ನ ಟಗರಿಗಿಂತ ಮದ್ಲ ಹುಟ್ಟಿತ್ತೇನ್ರಿ? ಇದಕ್ಕ ಹಾಲು ಕುಡಿಸಿದಾಕಿ ನಾನು. ಕರದ್ರ ಬರ್ತೈತಿ, ನೋಡ್ರಿ." ಕರೆದಳು. ಟಗರು ಬಂದು ಆಕೆಯ ಸೀರೆಯ ಸೆರಗು ಮೂಸಿತು.

"ಸೆರಗಿನಾಗ ಕಡ್ಲಿ ಕಟಗೊಂಡು ಕರದ್ರ ನಾನೂ ಬರ್ತೀನಿ," ಎಂದ ರಾಮಾಂಜಿ. ಜನ ನಕ್ಕರು. ಆಕೆಯ ಸೆರಗಿನಲ್ಲಿ ನಿಜವಾಗಿಯೂ ಕಡಲೆ ಇತ್ತು. ಅದೂ ಆಕೆಯ ವಿರುದ್ಧ ಸಾಕ್ಷಿಯಾಯಿತು.

ನಾನು ಎಲ್ಲರನ್ನೂ ಅನುಮಾನಿಸಿದೆ. ಮೊದಲು ಹುಲಿಗೆಮ್ಮಕ್ಕನನ್ನು: ಹೋದ ಟಗರಿನ ಬದಲು ಸಿಕ್ಕ ಟಗರನ್ನು ತಂದಳೇ? ಆಮೇಲೆ ರಾಮಾಂಜಿಯನ್ನು: ಬಿಲ್ಲೆ ಬದಲಾಯಿಸಿದನೇ? ಆದರೆ ಬಿಲ್ಲೆ ತೆಗೆದರೆ ಕಿವಿ ಹರಿಯುತ್ತದೆ. ಇದರ ಕಿವಿಯಲ್ಲಿ ಒಂದೇ ತೂತು, ಹಳೆಯದು, ಅಂಚು ಗಟ್ಟಿಯಾಗಿತ್ತು. ಆಮೇಲೆ ಸಾರಿನ ಕೈಬರಹವನ್ನು ಅನುಮಾನಿಸಿದೆ. ಅದು ಶಾಲೆಯ ಕಾಪಿ ಪುಸ್ತಕದಂತೆ ದುಂಡಗಿತ್ತು. ಉಳಿದವನು ಒಬ್ಬನೇ. ಆತನನ್ನು ಅನುಮಾನಿಸಲು ಯಾಕೋ ಮನಸ್ಸು ಬರಲಿಲ್ಲ.

ರಾಮಾಂಜಿ ಹಗ್ಗ ಹಿಡಿಯಲು ಬಂದಾಗ ಟಗರು ಬೆದರಿ ನುಗ್ಗಿತು. ಅಭ್ಯಾಸ ಬಲ, ನಾನು ಹಿಂದಿನಿಂದ ಹೋಗಿ ಅದನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದೆ. ಬಗ್ಗಿದೆ. ಕಣ್ಣ ಕೆಳಗೆ ಕಿವಿ. ಕಿವಿಯಲ್ಲಿ 1606 0191 8091.

ಇನ್ನೊಮ್ಮೆ ಓದಿದೆ. ಕಾರ್ಡಿನಲ್ಲಿದ್ದ ನಂಬರೇ ಅದು. ಹನ್ನೆರಡು ಅಂಕಿಯಲ್ಲಿ ಒಂದೂ ಎರಡಲ್ಲ, ಮೂರಲ್ಲ, ನಾಲ್ಕಲ್ಲ, ಐದಲ್ಲ, ಏಳಲ್ಲ. ಬರೀ ಸೊನ್ನೆ, ಒಂದು, ಆರು, ಎಂಟು, ಒಂಬತ್ತು. ತಲೆಕೆಳಗು ಮಾಡಿದರೆ ಸೊನ್ನೆ ಸೊನ್ನೆಯೇ, ಒಂದು ಒಂದೇ, ಎಂಟು ಎಂಟೇ. ಆರು ಒಂಬತ್ತಾಗುತ್ತದೆ, ಒಂಬತ್ತು ಆರಾಗುತ್ತದೆ, ಸಾಲು ಕೊನೆಯಿಂದ ಮೊದಲಿಗೆ ಓದಿಸಿಕೊಳ್ಳುತ್ತದೆ. ಉಲ್ಟಾ ಇದೆ ಎಂದು ಕೂಗಿ ಹೇಳುವ ಅಂಕಿ ಒಂದೂ ಇಲ್ಲ. ಆದ್ದರಿಂದ ಬಿಲ್ಲೆ ಹಾಕಿದ ದಿನ ನಾನು ಕಿವಿ ತಿರುವಿರಲಿಲ್ಲ. ಸಾಲದ್ದಕ್ಕೆ ಇದರಲ್ಲಿ ಆರು ಎರಡು, ಒಂಬತ್ತೂ ಎರಡು. ಅವು ಜಾಗ ಬದಲಾಯಿಸಿಕೊಂಡರೆ ಮೊತ್ತ ಕದಲುವುದಿಲ್ಲ. ಸಾರಿನ ಅಪ್ಪನ ಪದ್ಧತಿ ಎರಡು ಕಡೆಯಿಂದಲೂ ಕುರುಡು.

"ಸಾರು, ಇಲ್ಲಿ ಬಂದು ನನ್ನಂಗ ನಿಂತು ನೋಡ್ರಿ," ಎಂದೆ.

ಜನ ನಗಲು ಶುರು ಮಾಡಿದರು. ನಾನು ಬಾಯಿ ತೆರೆದರೆ ಯಾರದೋ ದನಿ ಹೊರಡುತ್ತದೆ ಎಂದು ಎಲ್ಲರಿಗೂ ಗೊತ್ತು. ಸಾರು ಹತ್ತಿರ ಬಂದು ನನ್ನ ಕಿವಿಯಲ್ಲಿ ಕೇಳಿದರು:

"ಲೇ ಉರುಕುಂದ, ಏನು ನಾಟಕ ಇದು? ಆಕಿ ನಿನಗ ಮರಿ ಕೊಡ್ತೀನಿ ಅಂದಾಳೇನು?"

"ಇಲ್ಲ ಸಾರು. ತಪ್ಪು ಓದಿದವ ನಾನು. ಒಂದು ಸಲ ಬಗ್ರಿ."

ಬಗ್ಗಿದರು. ಕನ್ನಡಕ ಹಣೆಗೇರಿಸಿದರು, ಇಳಿಸಿದರು. ರಿಜಿಸ್ಟರು ತರಿಸಿ ಒಂದೊಂದೇ ಅಂಕಿಗೆ ಬೆರಳಿಟ್ಟು ನೋಡಿದರು. ಹನ್ನೆರಡೂ ತಾಳೆಯಾದವು. ಆದರೂ ಒಪ್ಪಲಿಲ್ಲ. ರಾಮಾಂಜಿಯೂ ದಡ್ಡನಲ್ಲ. ಆತ ಕೇಳಿದ್ದು ನ್ಯಾಯವಾಗಿತ್ತು:

"ಉಲ್ಟಾ ಮಾಡಿದ್ರ ಆ ನಂಬರ ಆಗ್ತೈತಿ, ಸರಿ. ಆದ್ರ ನೆಟ್ಟಗ ಅದೇ ನಂಬರಿಂದು ಇನ್ನೊಂದು ಬಿಲ್ಲೆ ಇರಬಾರದೇನು? ಅದು ಆಕಿ ಟಗರಿನ ಕಿವ್ಯಾಗ ಇರಬೌದು. ಆ ಟಗರು ಎಲ್ಲಿ ಸತ್ತೈತೋ ಏನೋ. ಇದು ಬ್ಯಾರೆ."

ಸಾರು ನನ್ನನ್ನು ನೋಡಿದರು. ಹುಲಿಗೆಮ್ಮಕ್ಕನೂ ನೋಡಿದಳು. ಆಕೆಯ ನೋಟದಲ್ಲಿ ನಂಬಿಕೆ ಇರಲಿಲ್ಲ. ಇವನು ಇನ್ನೇನು ಕೆಡಿಸುತ್ತಾನೋ ಎಂಬ ಲೆಕ್ಕವಿತ್ತು.

ಬೇರೆ ದಾರಿ ಇಲ್ಲದೆ ಹನ್ನೊಂದರ ಗುಟ್ಟನ್ನು ಹೇಳಿದೆ. ಬಿಲ್ಲೆಯ ಚೀಲವನ್ನು ರಾಮಾಂಜಿಯ ಮುಂದಿಟ್ಟು, "ನೀನೇ ತೆಗಿ. ಯಾವದಾದ್ರೂ," ಎಂದೆ. ಆತ ಮೇಲಿನದು ಬಿಟ್ಟು ತಳದಿಂದ ಒಂದು ತೆಗೆದ. ಶಾಲೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದನ್ನು ಬಿಟ್ಟು ಒಂದು ಅಂಕಿ ಕೂಡಿ ತೋರಿಸಿದೆ. ಎರಡು ಮೊತ್ತ ಸಮ. ಇನ್ನೊಂದು ತೆಗೆದ: ಹನ್ನೊಂದರ ವ್ಯತ್ಯಾಸ. ಆಮೇಲೆ ನನ್ನ ಮೇಲೆ ನಂಬಿಕೆ ಇಲ್ಲದ ಹಿರಿಯರೊಬ್ಬರು ಸೀಮೆಸುಣ್ಣ ಕಸಿದುಕೊಂಡರು. ಅವರ ಮೇಲೆ ನಂಬಿಕೆ ಇಲ್ಲದ ಇನ್ನೊಬ್ಬರು ಬೆರಳಲ್ಲಿ ಎಣಿಸಿದರು. ಹದಿನೈದು ಬಿಲ್ಲೆ ತೆಗೆದರು. ಗೋಡೆ ತುಂಬಿತು. ಸೊನ್ನೆ, ಹನ್ನೊಂದು ಬಿಟ್ಟು ಬೇರೆ ಬರಲಿಲ್ಲ.

"ಈಗ ಕಿವಿದು ಕೂಡ್ರಿ," ಎಂದೆ. 1608 1610 9091. ಒಂದು ಕಡೆ ಇಪ್ಪತ್ತೊಂದು, ಇನ್ನೊಂದು ಕಡೆ ಇಪ್ಪತ್ತೊಂದು.

"ಕಾರ್ಡಿಂದು ಕೂಡ್ರಿ." 1606 0191 8091. ಒಂದು ಕಡೆ ಇಪ್ಪತ್ತೇಳು, ಇನ್ನೊಂದು ಕಡೆ ಹದಿನೈದು. ವ್ಯತ್ಯಾಸ ಹನ್ನೆರಡು.

ರಾಮಾಂಜಿ ತಾನೇ ಎರಡು ಸಲ ಕೂಡಿದ. ಹನ್ನೆರಡೇ. ಹಾಗಾದರೆ ಕಾರ್ಡಿನಲ್ಲಿರುವ ನಂಬರಿನ ಬಿಲ್ಲೆಯನ್ನು ಯಾರೂ ಅಚ್ಚು ಹಾಕಿರಲಿಲ್ಲ. ಅಂಥ ಕುರಿ ಲೋಕದಲ್ಲೇ ಇಲ್ಲ. ಇದ್ದದ್ದು ಒಂದೇ ಬಿಲ್ಲೆ, ಒಂದೇ ಟಗರು, ಅದರ ಹಿಂದೆ ನಿಂತು ಓದಿದ ನಾನು.

ರಾಮಾಂಜಿ ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಂಡ. "ಸಂತ್ಯಾಗ ಮಾರಿದವ ನನಗ ಟೋಪಿ ಹಾಕ್ಯಾನ," ಎಂದ. ಅದು ನಿಜವೋ ಅಲ್ಲವೋ ನನಗೆ ಇವತ್ತಿಗೂ ಅನುಮಾನ. ಆದರೆ ಆ ದಿನ ಆತ ಹಗ್ಗ ಬಿಟ್ಟ.

ಸಾರು ನನ್ನನ್ನು ಗೋಡೆಯ ಆಚೆಗೆ ಕರೆದೊಯ್ದರು. "ಅದರಾಗ ನನ್ನ ಸಹಿನೂ ಐತಲ್ಲೋ. ಮ್ಯಾಲಿನವರು ಕೇಳಿದ್ರ ಏನು ಹೇಳ್ಲಿ? ಮಳಿ ನೀರು ಬಿದ್ದು ಅಂಕಿ ಕದಡೇತಿ ಅಂತ ಬರಿಯೋಣೇನು?"

ನನಗೂ ಆಸೆಯಾಯಿತು. ಗುತ್ತಿಗೆ ನವೀಕರಣದ ಕಾಗದ ಅವರ ಮೇಜಿನ ಮೇಲೆಯೇ ಇತ್ತು. ಆದರೆ ಮಳೆ ನೀರು ಎಂದು ಬರೆದರೆ ನಾಳೆ ಇನ್ನೊಬ್ಬ ಬಂದು, ಕದಡಿದ್ದು ಯಾವ ಅಂಕಿ, ತಿದ್ದಿದವರು ಯಾರು ಎಂದು ಶುರು ಮಾಡುತ್ತಾನೆ. ಆಗ ಮತ್ತೆ ಕಳ್ಳಿಯಾಗುವವಳು ಆಕೆಯೇ. ಸಂಶಯ ಪಡುವವರ ನಡುವೆ ಹತ್ತು ವರ್ಷ ಬದುಕಿದವನಿಗೆ ಅಷ್ಟು ಗೊತ್ತಿರುತ್ತದೆ. ರಿಜಿಸ್ಟರಿನಲ್ಲಿ ಬರೆದೆ: ಕುರಿಯ ಹಿಂದೆ ನಿಂತು ಬಿಲ್ಲೆಯನ್ನು ತಲೆಕೆಳಗಾಗಿ ಓದಿದ್ದೇನೆ, ತಪ್ಪು ನನ್ನದು. ಸಾರು ಆ ಸಾಲನ್ನು ಬಹಳ ಹೊತ್ತು ಓದಿ, ಕೆಳಗೆ ತಮ್ಮ ಕೈಯಲ್ಲೇ ಇನ್ನೊಂದು ಸಾಲು ಸೇರಿಸಿದರು: ನಾನು ಎದುರಿಗೇ ಕೂತಿದ್ದೆ, ಎದ್ದು ನೋಡಲಿಲ್ಲ. ಆ ಒಂದು ಸಾಲಿಗಾಗಿ ಅವರ ಉಳಿದದ್ದನ್ನೆಲ್ಲ ನಾನು ಕ್ಷಮಿಸಿದ್ದೇನೆ. ಅನುಕರಣೆ ಮಾತ್ರ ಬಿಟ್ಟಿಲ್ಲ.

ಇನ್ನು ಹೊರಡಬಹುದು ಎಂದುಕೊಂಡೆ. ಹುಲಿಗೆಮ್ಮಕ್ಕ ದಾರಿಗೆ ಅಡ್ಡ ನಿಂತಳು.

"ಎಲ್ಲಿಗೆ ಹೊಂಟಿ? ನನ್ನ ನಲವತ್ತು ಕುರಿ ಕಿವಿ ಓದಿದವ ನೀನ. ಎಲ್ಲಾ ಮತ್ತ ಓದು."

ಓದಿದೆ. ಮಧ್ಯಾಹ್ನವಿಡೀ, ಒಂದೊಂದನ್ನೂ ಎದುರಿಗೆ ಕೂತು, ಕಾರ್ಡಿಗೆ ಹೋಲಿಸಿ, ಹನ್ನೊಂದರ ಲೆಕ್ಕ ಹಾಕಿ. ಉಳಿದವೆಲ್ಲ ಸರಿಯಾಗಿದ್ದವು. ಆಕೆಗೆ ಓದು ಬರುವುದಿಲ್ಲ. ನನ್ನ ತುಟಿಯನ್ನೇ ನೋಡುತ್ತ ಅಂಕಿ ಹನ್ನೆರಡು ಬಂದವೇ ಎಂದು ಬೆರಳಲ್ಲಿ ಎಣಿಸುತ್ತಿದ್ದಳು. ಒಮ್ಮೆ ಹನ್ನೊಂದಕ್ಕೆ ನಿಲ್ಲಿಸಿದ್ದಕ್ಕೆ, "ಇನ್ನೊಂದು ಎಲ್ಲಿ ನುಂಗಿದಿ?" ಎಂದು ಕೇಳಿದಳು. ನಾನು ಕೆಮ್ಮಿ ಅದನ್ನೂ ಹೇಳಿದೆ.

ಕೊನೆಗೆ ಟಗರು. ಅದರ ತಲೆಯನ್ನು ಆಕೆಯೇ ಹಿಡಿದುಕೊಂಡಳು. ನಾನು ಹಳೆಯ ನಂಬರಿಗೆ ಗೀಟು ಹೊಡೆದು 1608 1610 9091 ಎಂದು ಬರೆದು, ಕಾರ್ಡು ಕೊಟ್ಟೆ. ಆಕೆ ತೆಗೆದುಕೊಳ್ಳಲಿಲ್ಲ.

"ಅದನ್ನ ಯಾಕ ಹೊಡದಿ?"

"ಅದು ತಪ್ಪು ನಂಬರಕ್ಕಾ. ಹಿಂದಿಂದ ಓದಿದ್ದು."

"ನೀನ ಹಿಂದ ನಿಂತು ಓದಿದಿ. ನಾಳೆ ಇನ್ನೊಬ್ಬ ಬಂದು ಹಿಂದ ನಿಲ್ಲಲ್ಲ ಅಂತ ಬರದು ಕೊಡ್ತೀಯೇನು?"

ಒಂದು ಕುರಿಗೆ ಒಂದೇ ನಂಬರು ಎಂಬುದು ನಿಯಮ. ಸಾರಿನ ಕಡೆ ನೋಡಿದೆ. ಅವರು ಬೇಕೆಂದೇ ಆಟೋ ಬರುವ ದಾರಿಯನ್ನು ನೋಡುತ್ತಿದ್ದರು.

"ಎರಡೂ ಬರಕೊಡು," ಎಂದಳು ಹುಲಿಗೆಮ್ಮಕ್ಕ, ಟಗರಿನ ಕಿವಿ ಬಿಡದೆ. "ಯಾವ ಮಗ ಯಾವ ಕಡಿಂದ ಓದಿದ್ರೂ ಇದು ನಂದ ಆಗಬೇಕು."

ಬರೆದುಕೊಟ್ಟೆ.